ಊರು ಬಲ್ಲ ಬೀಟ್ ಪೊಲೀಸರನ್ನು ಊರಲ್ಲೇ ಉಳಿಸಿಕೊಳ್ಳಿ

ತೀರ್ಥಹಳ್ಳಿ, ಹೊಸನಗರ, ಕೊಪ್ಪ, ಶೃಂಗೇರಿಯ ಕಡೆ ಊರೆಂದರೆ ಮನೆಗೆ ಮನೆ ತಾಗಿದ ಬೀದಿಯಲ್ಲ. ಅಡಿಕೆ ತೋಟದ ತಲೆಯಲ್ಲಿ ಒಂದು ಮನೆ, ಗುಡ್ಡ ಇಳಿದು ಕಾಲುಸಂಕ ದಾಟಿದರೆ ಇನ್ನೊಂದು. ಮಕ್ಕಳೆಲ್ಲ ಬೆಂಗಳೂರು ಸೇರಿ, ವಯಸ್ಸಾದ ಗಂಡ ಹೆಂಡತಿ ಇಬ್ಬರೇ ಉಳಿದಿರುವ ಒಂಟಿಮನೆಗಳು ಹೋಬಳಿಗೆ ಹತ್ತಾರು ಸಿಗುತ್ತವೆ. ಮಳೆಗಾಲದಲ್ಲಿ ಕರೆಂಟು ಹೋದರೆ ಅದರ ಹಿಂದೆಯೇ ಮೊಬೈಲ್ ಸಿಗ್ನಲ್ಲೂ ಹೋಗುತ್ತದೆ. ಹೇಗೋ 112ಕ್ಕೆ ಕರೆ ಹೋಯಿತೆನ್ನಿ, ವಾಹನ ಎಷ್ಟೋ ಕಿಲೋಮೀಟರ್ ದೂರದಿಂದ ಬರಬೇಕು. ಮೇಲಿನಮನೆ, ಕೆಳಗಿನಮನೆ, ಹೊಸಮನೆ ಎಂಬ ಹೆಸರುಗಳು ಊರೂರಿಗೂ ಇವೆ. ಕರೆ ಮಾಡಿದವರದು ಯಾವ ಮೇಲಿನಮನೆ, ಜೀಪು ಎಲ್ಲಿವರೆಗೆ ಹೋಗುತ್ತದೆ, ಎಲ್ಲಿಂದ ನಡೆಯಬೇಕು, ಹಿತ್ತಿಲ ಕಡೆಯಿಂದ ತೋಟಕ್ಕಿಳಿಯುವ ದಾರಿ ಯಾವುದು ಎಂದು ಬಲ್ಲ ಒಬ್ಬ ಕಾನ್‌ಸ್ಟೆಬಲ್ ಆ ವಾಹನದಲ್ಲಿ ಇದ್ದರೆ ಆ ರಾತ್ರಿಯ ಕಥೆಯೇ ಬೇರೆ. ಆ ತಿಳಿವಳಿಕೆ ಯಾವ ತರಬೇತಿ ಶಾಲೆಯಲ್ಲೂ ಸಿಗುವುದಿಲ್ಲ. ಅದೇ ಊರುಗಳನ್ನು ಮಳೆಗಾಲ, ಕೊಯ್ಲುಕಾಲ, ಜಾತ್ರೆ, ಚುನಾವಣೆಗಳಲ್ಲೆಲ್ಲ ವರ್ಷಗಟ್ಟಲೆ ಸುತ್ತಿದವರಿಗೆ ಮಾತ್ರ ಅದು ಬರುತ್ತದೆ.

ಬೀಟ್ ವ್ಯವಸ್ಥೆಯ ಬಗ್ಗೆ ಸರ್ಕಾರ ಕೆಲಸ ಮಾಡಿಲ್ಲವೆಂದು ಹೇಳುವಂತಿಲ್ಲ. 2017ರಲ್ಲಿ ಸುಧಾರಿತ ಬೀಟ್ ಪದ್ಧತಿ ಬಂದಾಗ ಠಾಣೆಯ ಕಾನ್‌ಸ್ಟೆಬಲ್, ಹೆಡ್ ಕಾನ್‌ಸ್ಟೆಬಲ್‌ಗಳಿಗೆ ಒಂದೊಂದು ಪ್ರದೇಶದ ಹೊಣೆ ಸಿಕ್ಕಿತು. ಆಮೇಲೆ ಮೊಬೈಲ್ ಆಧಾರಿತ ಇ-ಬೀಟ್ ಬಂತು. 2025ರ ಜುಲೈನಲ್ಲಿ ‘ಮನೆ ಮನೆಗೆ ಪೊಲೀಸ್’ ಎಂಬ ಮನೆಭೇಟಿಯ ಯೋಜನೆ ಶುರುವಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಾನ್‌ಸ್ಟೆಬಲ್‌ಗಳ ಹಳೆಯ ಸ್ಲೋಚ್ ಹ್ಯಾಟ್ ಹೋಗಿ ಪೀಕ್ ಕ್ಯಾಪ್ ಬಂತು. ಇವೆಲ್ಲ ಸ್ವಾಗತಿಸಬೇಕಾದ ಹೆಜ್ಜೆಗಳೇ. ಟೋಪಿಯೂ ಕೂಡ, ಏಕೆಂದರೆ ಕೆಳಹಂತದ ಸಿಬ್ಬಂದಿಯ ಘನತೆ ಸಣ್ಣ ಮಾತಲ್ಲ. ಆದರೆ ಬೀಟ್ ನಕ್ಷೆ ಎಷ್ಟೇ ಚೆನ್ನಾಗಿರಲಿ, ಮೊಬೈಲ್ ಆ್ಯಪ್ ಎಷ್ಟೇ ಹೊಸದಾಗಿರಲಿ, ಆ ಬೀಟಿನಲ್ಲಿ ಒಬ್ಬರು ಎಷ್ಟು ಕಾಲ ನಿಲ್ಲುತ್ತಾರೆ ಮತ್ತು ವಾರದಲ್ಲಿ ಎಷ್ಟು ದಿನ ನಿಜವಾಗಿ ಆ ಬೀಟಿನಲ್ಲಿ ಇರುತ್ತಾರೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಗದೆ ಇವು ಫಲ ಕೊಡವು. ಸಣ್ಣ ಊರಿನ ಪೊಲೀಸ್ ಕೆಲಸದಲ್ಲಿ ಒಂದೇ ಜಾಗದ ದೀರ್ಘ ಅನುಭವವೇ ಮುಖ್ಯ ಬಂಡವಾಳ. ಅದನ್ನು ಕಾಪಾಡುವ ನಿಯಮವೊಂದು ನಮಗೆ ಬೇಕು.

ಆ ಬಂಡವಾಳದಲ್ಲಿ ಏನೇನಿರುತ್ತದೆ ಎಂದು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಯಾವ ಮಾಸಿಕ ವರದಿಯಲ್ಲೂ ಅದಕ್ಕೆ ಅಂಕಣವಿಲ್ಲ. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಲಕ್ಷಾಂತರ ರೂಪಾಯಿಯ ಮಾಲು ಅಂಗಳದ ಚಪ್ಪರದಲ್ಲಿ, ಬೀಗವೂ ಇಲ್ಲದ ಕೊಟ್ಟಿಗೆಯಲ್ಲಿ ಇರುತ್ತದೆ. ಯಾರ ಮನೆಯಲ್ಲಿ ಒಣಗಿಸಿದ ಅಡಿಕೆ ಮೂಟೆಯಾಗಿ ಕೂತಿದೆ, ಯಾವ ದಾರಿಯಲ್ಲಿ ಪಿಕಪ್ ವಾಹನ ಸದ್ದಿಲ್ಲದೆ ಬಂದು ಹೋಗಬಹುದು, ಮಾಲು ಯಾರದೆಂದು ಕೇಳದೆ ಕೊಳ್ಳುವ ವ್ಯಾಪಾರಿ ಪೇಟೆಯಲ್ಲಿ ಯಾರು ಎಂಬುದು ಅನುಭವಿ ಬೀಟ್ ಪೊಲೀಸರಿಗೆ ಗೊತ್ತಿರುತ್ತದೆ. ಬಯಲುಸೀಮೆಯಲ್ಲಿ ಅದೇ ತಿಳಿವಳಿಕೆ ಪಂಪ್‌ಸೆಟ್ಟಿನ ಕೇಬಲ್‌ಗೆ, ಕುರಿ ದೊಡ್ಡಿಗೆ ಸಂಬಂಧಿಸಿದ್ದು. ಕಾಫಿ ಸೀಮೆಯಲ್ಲಿ ಎಸ್ಟೇಟಿನ ಲೈನ್ ಮನೆಗಳಿಗೆ ಹೊಸದಾಗಿ ಬಂದ ಕೂಲಿಯವರು ಯಾರು, ಅವರನ್ನು ಕರೆತಂದ ಮೇಸ್ತ್ರಿ ಮಜೂರಿ ಸರಿಯಾಗಿ ಕೊಡುತ್ತಾನೋ ಇಲ್ಲವೋ ಎಂಬುದೂ ಅದರಲ್ಲಿ ಸೇರುತ್ತದೆ. ಇವೆಲ್ಲ ಕಳ್ಳತನದ ಮಾತಾಯಿತು. ಇದಕ್ಕಿಂತ ಸೂಕ್ಷ್ಮವಾದದ್ದು ಜಗಳಗಳ ಜಾತಕ. ಬದುವಿನ ತಕರಾರು, ದಾರಿ ಬಿಡದ ತಕರಾರು, ಕೆರೆ ನೀರಿನ ಸರದಿ, ದಾಯಾದಿಗಳ ಪಾಲು, ದೇವಸ್ಥಾನದಲ್ಲಿ ಯಾರಿಗೆ ಮೊದಲ ಪ್ರಸಾದ ಎಂಬ ವಿಷಯಗಳೆಲ್ಲ ಹೊರಗಿನವರಿಗೆ ಚಿಲ್ಲರೆಯಾಗಿ ಕಾಣುತ್ತವೆ. ಹಳ್ಳಿಯಲ್ಲಿ ಕತ್ತಿ ಎತ್ತುವ ದಿನ ಬರುವುದು ಹೆಚ್ಚಾಗಿ ಇಂಥ ಚಿಲ್ಲರೆಯ ಕೊನೆಯಲ್ಲೇ. ಈ ವರ್ಷದ ಹೊಡೆದಾಟಕ್ಕೆ ಮೂರು ವರ್ಷದ ಹಿಂದೆ ಕಡಿದ ಒಂದು ಹಲಸಿನ ಮರ ಕಾರಣ ಎಂದು ತಿಳಿದವರು ಠಾಣೆಯಲ್ಲಿ ಒಬ್ಬರಾದರೂ ಇರಬೇಕು.

ಈ ತಿಳಿವಳಿಕೆಗೂ ಕಾನೂನಿಗೂ ಏನು ಸಂಬಂಧ ಎಂದು ಕೇಳಬಹುದು. ನೇರ ಸಂಬಂಧವೇ ಇದೆ. ಸಣ್ಣ ಠಾಣೆಗೆ ಬರುವ ಅರ್ಜಿಗಳಲ್ಲಿ ದೊಡ್ಡ ಪಾಲು ಎನ್‌ಸಿ ದೂರುಗಳು, ಅಂದರೆ ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲದ ವಿಷಯಗಳು. ಯಾವ ಅರ್ಜಿ ಸಿಟ್ಟಿನ ಭರದಲ್ಲಿ ಬರೆದದ್ದು, ಯಾವುದು ಮುಂದೆ ರಕ್ತ ಹರಿಸಬಲ್ಲದು ಎಂದು ಬೇರ್ಪಡಿಸಬೇಕಾಗುತ್ತದೆ. ಎರಡನೆಯ ಬಗೆಯದ್ದಾದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 126ನೇ ಕಲಮಿನಡಿ (ಜನರ ಬಾಯಲ್ಲಿ ಇನ್ನೂ ಹಳೆಯ 107) ತಹಶೀಲ್ದಾರರ ಮುಂದೆ ಇಬ್ಬರಿಂದಲೂ ಮುಚ್ಚಳಿಕೆ ಬರೆಸಿಕೊಳ್ಳಬಹುದು. ಎಲ್ಲರ ಮೇಲೂ ಅದನ್ನು ಹೂಡಿದರೆ ಅದು ಕಿರುಕುಳ. ಯಾರ ಮೇಲೂ ಹೂಡದಿದ್ದರೆ ಬೇಜವಾಬ್ದಾರಿ. ಆ ವಿವೇಚನೆ ಅರ್ಜಿಯ ಹಾಳೆಯಿಂದ ಬರುವುದಿಲ್ಲ, ಊರಿನ ಪರಿಚಯದಿಂದ ಬರುತ್ತದೆ. ಬಾಲ್ಯವಿವಾಹದ ವಿಷಯವೂ ಹಾಗೆಯೇ. ಕರ್ನಾಟಕದ ತಿದ್ದುಪಡಿ ಕಾನೂನಿನ ಪ್ರಕಾರ ಅಂಥ ಮದುವೆ ಮೊದಲಿನಿಂದಲೇ ಅಸಿಂಧು. ಆದರೆ ಪಕ್ಕದ ತಾಲ್ಲೂಕಿನ ದೇವಸ್ಥಾನದಲ್ಲಿ ಮುಂಜಾನೆ ನಾಲ್ಕು ಗಂಟೆಗೆ ತಾಳಿ ಕಟ್ಟಿಸುತ್ತಾರೆ ಎಂಬ ಸುಳಿವು ಹಿಂದಿನ ದಿನವೇ ಸಿಗಬೇಕು. ಅಂಗನವಾಡಿ ಕಾರ್ಯಕರ್ತೆಯೋ ಆಶಾ ಕಾರ್ಯಕರ್ತೆಯೋ ಶಾಲೆಯ ಮೇಷ್ಟ್ರೋ ಆ ಸುಳಿವನ್ನು ಕೊಡುವುದು ತಮ್ಮ ಹೆಸರು ಹೊರಬೀಳದು ಎಂಬ ನಂಬಿಕೆಯಿದ್ದವರಿಗೆ ಮಾತ್ರ. ನಿನ್ನೆ ಬಂದು ನಾಳೆ ಹೋಗುವವರ ಮೇಲೆ ಅಂಥ ನಂಬಿಕೆ ಹುಟ್ಟುವುದು ಹೇಗೆ? ಮನೆಯೊಳಗೆ ಏಟು ತಿನ್ನುವ ಹೆಂಗಸು ಮೊದಲ ಸಲ ಬಾಯಿ ಬಿಡುವುದು ತನಗೆ ಮುಖಪರಿಚಯವಿರುವ ಮಹಿಳಾ ಕಾನ್‌ಸ್ಟೆಬಲ್ ಎದುರೇ; ಹೆಲ್ಪ್‌ಲೈನಿನ ಅಪರಿಚಿತ ದನಿಯ ಎದುರು ಅಪರೂಪ. ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಅನುಭವ ಎಂದರೆ ಎಫ್‌ಐಆರ್ ತಪ್ಪಿಸಿ ರಾಜಿ ಮಾಡಿಸುವ ಚಾಣಾಕ್ಷತನವಲ್ಲ. ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2013ರ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. ಹಳಬರ ಅನುಭವವನ್ನು ಆ ಗೆರೆಯ ಈಚೆಗೆ ಬಳಸಬೇಕು, ಗೆರೆಯನ್ನೇ ಅಳಿಸಲು ಬಳಸಬಾರದು.

ನಮ್ಮ ವ್ಯವಸ್ಥೆ ಈ ತಿಳಿವಳಿಕೆಗೆ ಬೆಲೆ ಕೊಡದಿರುವುದಕ್ಕೆ ಹಳೆಯ ಕಾರಣವಿದೆ. ಹಿಂದೆ ಹಳ್ಳಿಯ ಕಾವಲು ತಳವಾರನದು. ಕಳವಾದರೆ ಜಾಡು ಹಿಡಿಯುವುದು, ಊರಿಗೆ ಬಂದ ಹೊಸಬರ ಮೇಲೆ ಕಣ್ಣಿಡುವುದು ಅವನ ಕೆಲಸ. ಅವನಿಗೆ ಊರು ಅಂಗೈ ಮೇಲಿನ ಗೆರೆಯಷ್ಟು ಪರಿಚಿತ. ಆದರೆ ಅವನ ಹುದ್ದೆ ವಂಶದಿಂದ ಬಂದದ್ದು, ಅವನು ಪಟೇಲರ ಮಾತು ಮೀರುವಂತಿರಲಿಲ್ಲ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಆ ಪದ್ಧತಿಗೆ ಕೊನೆ ಹಾಡಿತು, ಹಾಡಬೇಕಾದದ್ದೂ ಹೌದು. ಇನ್ನೊಂದು ಕಡೆ 1857ರ ದಂಗೆಯ ಬೆನ್ನಿಗೆ ಬಂದ 1861ರ ಪೊಲೀಸ್ ಕಾಯ್ದೆ ಕಟ್ಟಿದ್ದು ಜನರನ್ನು ಹದ್ದುಬಸ್ತಿನಲ್ಲಿಡುವ ಪಡೆಯನ್ನು. 1902-03ರ ಪೊಲೀಸ್ ಆಯೋಗ ಕಾನ್‌ಸ್ಟೆಬಲ್‌ನನ್ನು ಯಾಂತ್ರಿಕ ಕೆಲಸಗಳಿಗೆ ಮಾತ್ರ ತಕ್ಕವನೆಂದು ಕಂಡಿತು: ಕಾವಲು, ಬೆಂಗಾವಲು, ಗುಂಪು ಚದುರಿಸುವುದು. ಯೋಚಿಸುವುದು ಮೇಲಿನವರ ಕೆಲಸ. 1977ರಲ್ಲಿ ನೇಮಕವಾದ ಧರ್ಮವೀರ ಅಧ್ಯಕ್ಷತೆಯ ರಾಷ್ಟ್ರೀಯ ಪೊಲೀಸ್ ಆಯೋಗ 1979ರ ತನ್ನ ಮೊದಲ ವರದಿಯಲ್ಲೇ ಕಾನ್‌ಸ್ಟೆಬಲ್‌ಗಳ ವಿಷಯ ಎತ್ತಿಕೊಂಡು, ಜನರ ನಡುವೆ ನಿಂತು ವಿವೇಚನೆಯಿಂದ ತೀರ್ಮಾನ ತೆಗೆದುಕೊಳ್ಳಬಲ್ಲವರಾಗಿ ಅವರು ಬೆಳೆಯಬೇಕು ಎಂಬ ದಿಕ್ಕಿನಲ್ಲಿ ಮಾತಾಡಿತು. ಅದಾಗಿ ನಾಲ್ಕು ದಶಕ ಕಳೆದವು. ದೇಶದ ರಾಜ್ಯ ಪೊಲೀಸ್ ಪಡೆಗಳಲ್ಲಿ ಸುಮಾರು ಶೇ 85ರಷ್ಟು ಜನ ಕಾನ್‌ಸ್ಟೆಬಲ್ ಮತ್ತು ಹೆಡ್ ಕಾನ್‌ಸ್ಟೆಬಲ್‌ಗಳು. ಆದರೂ ಠಾಣೆಯ ಡ್ಯೂಟಿ ಹಂಚಿಕೆಯಲ್ಲಿ ಒಬ್ಬರ ಜಾಗಕ್ಕೆ ಇನ್ನೊಬ್ಬರನ್ನು ಯಾವಾಗ ಬೇಕಾದರೂ ಇಡಬಹುದು ಎಂಬ 1902ರ ನಂಬಿಕೆ ಹಾಗೇ ಉಳಿದಿದೆ.

ಬೀಟ್ ಪೊಲೀಸರ ಒಂದು ವಾರವನ್ನು ನೋಡಿದರೆ ಇದು ತಿಳಿಯುತ್ತದೆ. ಸೋಮವಾರ ಸಮನ್ಸ್, ವಾರಂಟ್ ಜಾರಿ, ಮಂಗಳವಾರ ಕೋರ್ಟ್ ಡ್ಯೂಟಿ, ಬುಧವಾರ ಮಂತ್ರಿಗಳ ಪ್ರವಾಸಕ್ಕೆ ಬಂದೋಬಸ್ತ್, ಗುರುವಾರ ಪಕ್ಕದ ಜಿಲ್ಲೆಯ ಜಾತ್ರೆಗೋ ಪ್ರತಿಭಟನೆಗೋ ಬಂದೋಬಸ್ತ್, ಆಸ್ಪತ್ರೆಯಲ್ಲಿರುವ ಆರೋಪಿಗೆ ಕಾವಲು, ಪಾಸ್‌ಪೋರ್ಟ್ ಪರಿಶೀಲನೆ. ಉಳಿದ ಹೊತ್ತು ಬೀಟ್. ಅದರಲ್ಲೂ ರಾತ್ರಿ ಗಸ್ತಿನಲ್ಲಿ ಬ್ಯಾಂಕು, ಎಟಿಎಂ, ಚಿನ್ನದಂಗಡಿ, ದೇವಸ್ಥಾನದ ಪಾಯಿಂಟುಗಳಿಗೆ ಹೋಗಿ ಬಂದದ್ದಕ್ಕೆ ದಾಖಲೆ ಬೇಕು. ಹಿಂದೆ ಪಾಯಿಂಟ್ ಪುಸ್ತಕಕ್ಕೆ ರುಜು ಹಾಕುತ್ತಿದ್ದರು, ಈಗ ಮೊಬೈಲ್ ಆ ಕೆಲಸ ಮಾಡುತ್ತದೆ. ಈ ದಾಖಲೆ ಬೇಡವೆಂದು ನಾನು ಹೇಳುವುದಿಲ್ಲ. ಗಸ್ತು ತಪ್ಪಿಸುವವರನ್ನು ಅದು ಹಿಡಿಯುತ್ತದೆ. ಆದರೆ ಹನ್ನೆರಡು ಪಾಯಿಂಟ್ ಮುಟ್ಟಿ ಬಂದವರ ಕೆಲಸ ಲೆಕ್ಕಕ್ಕೆ ಸಿಗುತ್ತದೆ, ಒಂಟಿಮನೆಯ ಜಗಲಿಯಲ್ಲಿ ಅರ್ಧ ಗಂಟೆ ಕೂತು ಮುದುಕರ ಮಾತು ಕೇಳಿ ಬಂದವರ ಕೆಲಸ ಸಿಗುವುದಿಲ್ಲ. ಅಳತೆಗೆ ಸಿಕ್ಕಿದ್ದೇ ಕೆಲಸ ಎಂದಾದಾಗ ಜಗಲಿಯ ಅರ್ಧ ಗಂಟೆಯೇ ಮೊದಲು ಮಾಯವಾಗುತ್ತದೆ. ಇದರ ಜೊತೆಗೆ ದಣಿವು. ಕಾಮನ್ ಕಾಸ್ ಮತ್ತು ಸಿಎಸ್‌ಡಿಎಸ್ ಸಂಸ್ಥೆಗಳು 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ 21 ರಾಜ್ಯಗಳ ಪೊಲೀಸರು ದಿನಕ್ಕೆ ಸರಾಸರಿ 14 ಗಂಟೆ ಕೆಲಸ ಮಾಡುವುದಾಗಿ ಹೇಳಿದ್ದರು; ಸುಮಾರು ಅರ್ಧದಷ್ಟು ಜನರಿಗೆ ವಾರದ ರಜೆಯೇ ಸಿಗುತ್ತಿರಲಿಲ್ಲ. ಹದಿನಾಲ್ಕನೆಯ ಗಂಟೆಯಲ್ಲಿರುವ ಮನುಷ್ಯನಿಂದ ಸಹನೆಯ ಮಾತನ್ನು ನಿರೀಕ್ಷಿಸುವುದು ಕಷ್ಟ.

ಇನ್ನು ವರ್ಗಾವಣೆ. ಸುಪ್ರೀಂ ಕೋರ್ಟಿನ 2006ರ ಸೆಪ್ಟೆಂಬರ್ 22ರ ಪ್ರಕಾಶ್ ಸಿಂಗ್ ತೀರ್ಪನ್ನು ಪೊಲೀಸ್ ಸುಧಾರಣೆಯ ಮೈಲಿಗಲ್ಲೆಂದು ಎಲ್ಲರೂ ಹೇಳುತ್ತಾರೆ. ಡಿಜಿಪಿಗೆ ಎರಡು ವರ್ಷ, ವಲಯದ ಐಜಿಯಿಂದ ಹಿಡಿದು ಜಿಲ್ಲಾ ಎಸ್‌ಪಿ, ಠಾಣಾಧಿಕಾರಿಯವರೆಗೆ ಕನಿಷ್ಠ ಎರಡು ವರ್ಷದ ಅವಧಿ ಇರಬೇಕೆಂದು ಅದು ಹೇಳಿತು. ಆ ಅವಧಿಯ ರಕ್ಷಣೆ ಠಾಣಾಧಿಕಾರಿಯ ಮೇಜಿನ ಬಳಿ ನಿಂತುಹೋಗುತ್ತದೆ. ಬಾಗಿಲ ಹೊರಗೆ ನಿಂತ ಕಾನ್‌ಸ್ಟೆಬಲ್‌ಗೆ ಅದರ ನೆರಳಿಲ್ಲ. ನ್ಯಾಯಾಲಯದ ಚಿಂತೆ ಆಗ ರಾಜಕೀಯ ಒತ್ತಡದ್ದಾಗಿತ್ತು, ಆದ್ದರಿಂದ ಅದು ಅಧಿಕಾರ ಇರುವ ಹುದ್ದೆಗಳನ್ನಷ್ಟೇ ನೋಡಿತು, ತಪ್ಪೆನ್ನಲಾಗದು. ಆದರೆ ಜನರ ಕಡೆಯಿಂದ ನೋಡಿದರೆ ಲೆಕ್ಕ ತಿರುಗುಮುರುಗಾಗುತ್ತದೆ. ಎಸ್‌ಐ ಬದಲಾದಾಗ ಠಾಣೆ ತಾಳಿಕೊಳ್ಳುವುದು ಹಳೆಯ ದಫೇದಾರರು ಇರುವುದರಿಂದ. ಹೊಸ ಎಸ್‌ಐ ಮೊದಲ ವಾರದಲ್ಲಿ ಕೇಳುವ ಪ್ರಶ್ನೆಗಳಿಗೆಲ್ಲ ಉತ್ತರ ಕೊಡುವವರು ಅವರೇ. ಅವರೂ ಒಟ್ಟಿಗೇ ಬದಲಾದರೆ ಠಾಣೆಗೆ ನೆನಪು ಎಂಬುದೇ ಇರುವುದಿಲ್ಲ, ಕಡತಗಳು ಮಾತ್ರ ಇರುತ್ತವೆ. ಬಡ್ತಿಯೂ ಇದೇ ಕೆಲಸ ಮಾಡುತ್ತದೆ. ಬೀಟ್ ಚೆನ್ನಾಗಿ ನೋಡಿಕೊಂಡವರಿಗೆ ಸಿಗುವ ಮನ್ನಣೆಯೆಂದರೆ ಅವರನ್ನು ಬೀಟಿನಿಂದ ಎತ್ತಿ ಠಾಣೆಯ ಬರವಣಿಗೆಗೋ ಸಾಹೇಬರ ಕಚೇರಿಗೋ ಕೂರಿಸುವುದು. ಒಳ್ಳೆಯ ಮೇಷ್ಟ್ರನ್ನು ತರಗತಿಯಿಂದ ಬಿಡಿಸಿ ಗುಮಾಸ್ತಿಕೆಗೆ ಹಾಕಿದ ಹಾಗೆ ಇದು.

ಇದು ಬರಿಯ ಭಾವನೆಯ ವಾದವಲ್ಲ ಎನ್ನಲು ಒಂದು ಗಟ್ಟಿ ಆಧಾರವಿದೆ. ರಾಜಸ್ಥಾನ ಪೊಲೀಸ್ ಇಲಾಖೆಯ ಜೊತೆಗೂಡಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಐಪಿಎಸ್ ಅಧಿಕಾರಿ ನೀನಾ ಸಿಂಗ್ ಮೊದಲಾದವರು ನಡೆಸಿದ ಪ್ರಯೋಗವದು. 162 ಠಾಣೆಗಳಲ್ಲಿ ನಾಲ್ಕು ಬಗೆಯ ಸುಧಾರಣೆಗಳನ್ನು ಪರೀಕ್ಷಿಸಿದರು: ಠಾಣೆಯಲ್ಲಿ ನಾಗರಿಕ ವೀಕ್ಷಕರನ್ನು ಕೂರಿಸುವುದು, ಸಿಬ್ಬಂದಿ ವರ್ಗಾವಣೆಯನ್ನು ತಡೆಹಿಡಿಯುವುದು, ಸೇವೆಯಲ್ಲಿರುವವರಿಗೆ ತರಬೇತಿ, ಮತ್ತು ವಾರದ ರಜೆಯೊಂದಿಗೆ ಡ್ಯೂಟಿ ಸರದಿ. 2012ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದ ಪ್ರಕಾರ ಕೆಲಸದ ಗುಣಮಟ್ಟ ಮತ್ತು ದೂರುದಾರರ ಸಮಾಧಾನ ಎರಡನ್ನೂ ಹೆಚ್ಚಿಸಿದ್ದು ವರ್ಗಾವಣೆ ತಡೆ ಮತ್ತು ತರಬೇತಿ. ವೀಕ್ಷಕರಿಂದಾಗಲಿ ಸರದಿಯಿಂದಾಗಲಿ ಸ್ಪಷ್ಟ ಫಲ ಕಾಣಲಿಲ್ಲ, ಅವು ನೆಲಮಟ್ಟದಲ್ಲಿ ಸರಿಯಾಗಿ ಜಾರಿಯಾಗಲಿಲ್ಲ ಎಂಬುದೂ ಅದಕ್ಕೆ ಕಾರಣ. ಗಮನಿಸಬೇಕಾದ್ದು ಇಷ್ಟು: ಹೆಚ್ಚು ಹಣ ಕೇಳದ, ಹೊಸ ಕಟ್ಟಡ ಬೇಡದ, ಇದ್ದವರನ್ನು ಇದ್ದಲ್ಲೇ ಬಿಡುವ ಕ್ರಮ ಫಲ ಕೊಟ್ಟಿತು.

ಇದಕ್ಕೆ ಎದುರಾಗಿ ನಿಲ್ಲುವ ಅಧ್ಯಯನವನ್ನೂ ಮುಚ್ಚಿಡುವಂತಿಲ್ಲ. 2021ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಒಂದು ದೊಡ್ಡ ಸಂಶೋಧನೆ ಬ್ರೆಜಿಲ್, ಕೊಲಂಬಿಯ, ಲೈಬೀರಿಯ, ಪಾಕಿಸ್ತಾನ, ಫಿಲಿಪ್ಪೀನ್ಸ್, ಉಗಾಂಡಗಳಲ್ಲಿ ಸಮುದಾಯ ಪೊಲೀಸ್ ಪದ್ಧತಿಯನ್ನು ಪರೀಕ್ಷಿಸಿತು. ಊರಸಭೆ, ಕಾಲ್ನಡಿಗೆಯ ಗಸ್ತು, ಜನರಿಂದ ಮಾಹಿತಿ ಪಡೆಯುವ ವ್ಯವಸ್ಥೆ ಎಲ್ಲ ಇದ್ದವು. ಆದರೂ ಅಪರಾಧ ಕಡಿಮೆಯಾಗಲಿಲ್ಲ, ಪೊಲೀಸರ ಮೇಲಿನ ನಂಬಿಕೆಯೂ ಹೆಚ್ಚಲಿಲ್ಲ. ಬೀಟ್ ಪದ್ಧತಿಯ ಮೇಲೆ ಭರವಸೆ ಇಟ್ಟವರು ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನಾಗಬೇಕು. ಆಮೇಲೆ ಆ ಸಂಶೋಧಕರೇ ಕೊಟ್ಟ ಕಾರಣಗಳನ್ನು ಓದಬೇಕು. ಹಿರಿಯ ಅಧಿಕಾರಿಗಳಿಗೆ ಇದು ಆದ್ಯತೆಯ ವಿಷಯವಾಗಿ ಉಳಿಯಲಿಲ್ಲ. ಜನ ಹೇಳಿದ ಸಮಸ್ಯೆಗಳನ್ನು ಬಗೆಹರಿಸಲು ಕೈಯಲ್ಲಿ ಸಾಧನಗಳಿರಲಿಲ್ಲ. ಅಧಿಕಾರಿಗಳು ಪದೇ ಪದೇ ಬದಲಾಗುತ್ತಿದ್ದರು. ಅಂದರೆ ಕಾರ್ಯಕ್ರಮ ಇತ್ತು, ಅದನ್ನು ನಡೆಸಬೇಕಾದ ಮನುಷ್ಯ ಮಾತ್ರ ನಿಲ್ಲಲಿಲ್ಲ. ಈ ಅಧ್ಯಯನ ನನ್ನ ವಾದವನ್ನು ಸಾಬೀತು ಮಾಡುತ್ತದೆ ಎಂದು ಹೇಳಿದರೆ ಅತಿಯಾದೀತು. ಆದರೆ ‘ಮನೆ ಮನೆಗೆ ಪೊಲೀಸ್’ನಂಥ ಯೋಜನೆಗೆ ಅದು ಕೊಡುವ ಎಚ್ಚರಿಕೆ ಸ್ಪಷ್ಟವಾಗಿದೆ: ಮನೆಗೆ ಪ್ರತಿ ಸಲ ಬೇರೆ ಬೇರೆ ಮುಖ ಬಂದರೆ ಅದು ಭೇಟಿಯಾಗುವುದಿಲ್ಲ, ತಪಾಸಣೆಯಾಗುತ್ತದೆ.

ನಿಂತ ಮನುಷ್ಯನ ಮೇಲೆ ಕಟ್ಟಿದ ಪದ್ಧತಿಗೆ ಜಪಾನಿನ ಹಳ್ಳಿಗಳು ಉದಾಹರಣೆ. ಅಲ್ಲಿ ‘ಚೂಜೈಶೊ’ ಎಂಬ ವಸತಿ ಠಾಣೆಗಳಿವೆ. ಒಬ್ಬ ಪೊಲೀಸ್ ಕುಟುಂಬ ಸಮೇತ ಅಲ್ಲೇ ವಾಸಿಸಿ, ಅಲ್ಲಿಂದಲೇ ಸುತ್ತಲಿನ ಮನೆಗಳನ್ನು ನೋಡಿಕೊಳ್ಳುತ್ತಾರೆ. ನಮ್ಮ ಪಕ್ಕದ ಕೇರಳದಲ್ಲಿ 2008ರ ಮಾರ್ಚ್‌ನಲ್ಲಿ 20 ಠಾಣೆಗಳಲ್ಲಿ ಆರಂಭವಾದ ‘ಜನಮೈತ್ರಿ’ ಯೋಜನೆಯ ತಿರುಳೂ ತನ್ನ ಬೀಟಿನ ಮನೆಮನೆಯನ್ನು ಬಲ್ಲ ಅಧಿಕಾರಿಯೇ. ತಮಿಳುನಾಡು ಹಿಡಿದ ದಾರಿ ಬೇರೆ. 1993ರಲ್ಲಿ ರಾಮನಾಥಪುರದಲ್ಲಿ ಶುರುವಾದ ‘ಫ್ರೆಂಡ್ಸ್ ಆಫ್ ಪೊಲೀಸ್’ ಸ್ವಯಂಸೇವಕರನ್ನು ನೆಚ್ಚಿಕೊಂಡಿತ್ತು. 2020ರಲ್ಲಿ ಸಾತ್ತಾನ್‌ಕುಳಂನಲ್ಲಿ ತಂದೆ ಮಗ ಪೊಲೀಸ್ ವಶದಲ್ಲಿದ್ದು ಸತ್ತ ಬಳಿಕ ಎದ್ದ ಆಕ್ರೋಶದಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ಊರಿನ ಪರಿಚಯ ಬೇಕೆಂದು ಹೊಣೆಗಾರಿಕೆ ಇಲ್ಲದವರ ಕೈಗೆ ಪೊಲೀಸ್ ಕೆಲಸ ಕೊಡುವುದು ಪರಿಹಾರವಲ್ಲ. ಹೊಣೆಗಾರಿಕೆ ಇರುವವರನ್ನೇ ಊರಿಗೆ ಪರಿಚಿತರನ್ನಾಗಿ ಮಾಡಬೇಕು.

ಈಗ ಎಲ್ಲಕ್ಕಿಂತ ಭಾರವಾದ ಆಕ್ಷೇಪ. ಒಂದೇ ಊರಲ್ಲಿ ಬಹಳ ಕಾಲ ಇದ್ದರೆ ಬೇರು ಬಿಡುತ್ತಾರೆ. ಇಸ್ಪೀಟು ಅಡ್ಡೆಯವರು, ಮರಳು ಲಾರಿಯವರು, ಕಳ್ಳಭಟ್ಟಿಯವರ ಜೊತೆ ಒಪ್ಪಂದ ಬೆಳೆಯುತ್ತದೆ. ತಮ್ಮ ಜಾತಿಯವರ ಕಡೆ ವಾಲುತ್ತಾರೆ. ಅದಕ್ಕೇ ವರ್ಗಾವಣೆ ಬೇಕು ಎನ್ನುತ್ತಾರೆ. ಇದು ಕಲ್ಪನೆಯ ಭಯವಲ್ಲ. ದಲಿತ ಕೇರಿಯ ಹುಡುಗ ಮೇಲ್ಜಾತಿಯವರ ವಿರುದ್ಧ ದೂರು ಕೊಡಲು ಬಂದಾಗ ಎದುರಿಗೆ ಕೂತವರು ಊರಿನ ಯಜಮಾನರ ಆಪ್ತರಾದರೆ ಆ ದೂರು ಠಾಣೆಯ ಮೆಟ್ಟಿಲಲ್ಲೇ ಸಾಯುತ್ತದೆ. ಊರನ್ನು ಬಲ್ಲ ತಳವಾರ ಊರಿನ ಬಲಾಢ್ಯರಿಗೆ ಮಾತ್ರ ರಕ್ಷಣೆಯಾದ ಕಥೆ ಮತ್ತೆ ನಡೆಯಬಾರದು. ಹಾಗಿದ್ದರೂ ವರ್ಗಾವಣೆ ಇದಕ್ಕೆ ಮದ್ದು ಎಂಬ ನಂಬಿಕೆಯನ್ನು ಪ್ರಶ್ನಿಸಬೇಕು. ಕಾನ್‌ಸ್ಟೆಬಲ್‌ಗಳ ನೇಮಕವೇ ಜಿಲ್ಲಾವಾರು ನಡೆಯುತ್ತದೆ. ಒಂದು ಠಾಣೆಯಿಂದ ಇನ್ನೊಂದಕ್ಕೆ ಹೋದರೂ ಜಿಲ್ಲೆ ಅದೇ, ಜಾತಿಯ ಸಂಬಂಧಗಳೂ ಹೆಚ್ಚು ಕಡಿಮೆ ಅವೇ. ಎಷ್ಟೋ ಕಡೆ ಮಾಮೂಲು ಮನುಷ್ಯನಿಗಿಂತ ಹೆಚ್ಚಾಗಿ ಜಾಗಕ್ಕೆ ಅಂಟಿಕೊಂಡಿರುತ್ತದೆ. ಹೊಸಬರು ಬಂದಾಗ ಅದು ಕೈ ಬದಲಾಯಿಸುತ್ತದೆ, ನಿಲ್ಲುವುದಿಲ್ಲ. ಮೇಲಾಗಿ ವರ್ಗಾವಣೆಯ ಭಯ ಹೆಚ್ಚು ಕಾಡುವುದು ಪ್ರಾಮಾಣಿಕರನ್ನು. ಪ್ರಭಾವಿಯ ಮಗನ ಬೈಕು ಹಿಡಿದವರು ತಿಂಗಳೊಪ್ಪತ್ತಿನಲ್ಲಿ ಜಿಲ್ಲೆಯ ಇನ್ನೊಂದು ಮೂಲೆಗೆ ಹೋಗಬೇಕಾದ ವ್ಯವಸ್ಥೆಯಲ್ಲಿ ಅವಧಿಯ ರಕ್ಷಣೆ ಭ್ರಷ್ಟರ ಬೇಲಿಯಾಗುವುದಕ್ಕಿಂತ ಹೆಚ್ಚಾಗಿ ನೇರ ನಡೆಯವರ ಬೇಲಿಯಾಗುತ್ತದೆ.

ಪಕ್ಷಪಾತಕ್ಕೆ ಮದ್ದು ಬೇರೆಡೆ ಇದೆ. ಸ್ವಂತ ಊರು, ಹೆಂಡತಿಯ ಅಥವಾ ಗಂಡನ ಊರು, ಜಮೀನಿರುವ ಊರು ಯಾರ ಬೀಟಿಗೂ ಸೇರಬಾರದು. ಒಂದು ಬೀಟಿಗೆ ಒಬ್ಬರೇ ಬೇಡ, ಬೇರೆ ಬೇರೆ ಹಿನ್ನೆಲೆಯ ಇಬ್ಬರಿರಲಿ, ಸಾಧ್ಯವಾದಲ್ಲೆಲ್ಲ ಅವರಲ್ಲಿ ಒಬ್ಬರು ಮಹಿಳೆಯಾಗಿರಲಿ. ಎಸ್‌ಪಿ ಅಥವಾ ಡಿವೈಎಸ್‌ಪಿ ವರ್ಷಕ್ಕೆರಡು ಸಲ ಆ ಬೀಟಿನ ದಲಿತ ಕೇರಿಯಲ್ಲಿ, ಕೂಲಿ ಲೈನಿನಲ್ಲಿ, ಮಹಿಳಾ ಸ್ವಸಹಾಯ ಸಂಘದಲ್ಲಿ ನೇರವಾಗಿ ಕೂತು ಬೀಟ್ ಸಿಬ್ಬಂದಿಯ ಬಗ್ಗೆ ಕೇಳಲಿ. ಊರಿನ ಮುಖಂಡರನ್ನು ಮಾತ್ರ ಕೇಳಿದರೆ ಸಿಗುವುದು ಮುಖಂಡರ ಅಭಿಪ್ರಾಯ. ಪ್ರಕಾಶ್ ಸಿಂಗ್ ತೀರ್ಪೇ ಹೇಳಿದ ಜಿಲ್ಲಾ ಮಟ್ಟದ ಪೊಲೀಸ್ ದೂರು ಪ್ರಾಧಿಕಾರದ ವಿಳಾಸ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲಿರಲಿ. ದೂರು ನಿಜವೆಂದು ಕಂಡುಬಂದರೆ ಶಿಕ್ಷೆಯಾಗಲಿ. ತಪ್ಪು ಮಾಡಿದವರನ್ನು ವರ್ಗಾವಣೆ ಮಾಡಿ ಕೈತೊಳೆದುಕೊಳ್ಳುವುದೆಂದರೆ ಒಂದು ಊರಿನ ಕಾಯಿಲೆಯನ್ನು ಇನ್ನೊಂದಕ್ಕೆ ದಾಟಿಸುವುದು.

ಇಷ್ಟೆಲ್ಲ ಬಲ್ಲ ಪೊಲೀಸ್ ಬೇಕೇ ಎಂಬ ಆತಂಕವೂ ಕೆಲವರಿಗಿದೆ, ಮನೆಭೇಟಿಯ ಯೋಜನೆ ಬಂದ ಮೇಲೆ ಹೆಚ್ಚಾಗಿದೆ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಹೇಳಿದ ಮೇಲೆ ಈ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಮನೆಗೆ ಯಾರು ಬಂದರು, ಮಗಳು ಯಾರೊಂದಿಗೆ ಮಾತಾಡುತ್ತಾಳೆ, ಯಾರು ಯಾವ ಸಭೆಗೆ ಹೋದರು ಎಂಬುದೆಲ್ಲ ಬೀಟ್ ಪುಸ್ತಕಕ್ಕೆ ಇಳಿಯುವುದಾದರೆ ಅದು ರಕ್ಷಣೆಯಲ್ಲ. ಮನೆಯವರು ಬೇಡವೆಂದರೆ ಭೇಟಿ ಬೇಡ. ಒಂಟಿಯಾಗಿರುವ ಹಿರಿಯರು, ತುರ್ತು ಸಂಪರ್ಕದ ನಂಬರು, ಜನ ತಾವಾಗಿ ಹೇಳಿದ ಸಮಸ್ಯೆ ಇಷ್ಟನ್ನು ಬಿಟ್ಟು ಬೇರೇನನ್ನೂ ಬರೆಯುವುದು ಬೇಡ ಎಂಬ ಲಿಖಿತ ನಿಯಮ ಬೇಕು. ಮನುಷ್ಯನ ನೆನಪಿನಲ್ಲಿರುವ ತಿಳಿವಳಿಕೆಗೂ ಸರ್ವರ್‌ನಲ್ಲಿ ಕೂತ ಮಾಹಿತಿಗೂ ವ್ಯತ್ಯಾಸವಿದೆ. ನೆನಪಿಗೆ ಸಂದರ್ಭ ಇರುತ್ತದೆ, ಕಾಲ ಕಳೆದಂತೆ ಅದು ಕ್ಷಮಿಸುತ್ತದೆ; ಹದಿನೆಂಟರಲ್ಲಿ ಒಮ್ಮೆ ಹೊಡೆದಾಡಿದ ಹುಡುಗ ಈಗ ಎರಡು ಮಕ್ಕಳ ತಂದೆ, ಆಟೋ ಓಡಿಸಿಕೊಂಡಿದ್ದಾನೆ ಎಂದು ಹಳೆಯ ದಫೇದಾರರಿಗೆ ಗೊತ್ತು. ಪಟ್ಟಿಗೆ ಅದು ಗೊತ್ತಿಲ್ಲ. ಕ್ಯಾಮೆರಾ, ಡ್ರೋನು, 112 ಇರುವಾಗ ಇದೆಲ್ಲ ಯಾಕೆ ಎನ್ನುವವರಿಗೂ ನನ್ನ ಉತ್ತರ ಇದೇ. ಕ್ಯಾಮೆರಾ ನಡೆದದ್ದನ್ನು ತೋರಿಸುತ್ತದೆ. ನಡೆಯದಂತೆ ತಡೆಯಬೇಕಾದರೆ ನಡೆಯುವ ಮೊದಲು ಯಾರಾದರೂ ಯಾರಿಗಾದರೂ ಹೇಳಿರಬೇಕು.

ಉಳಿದದ್ದು ಸಿಬ್ಬಂದಿ ಕೊರತೆಯ ಮಾತು. ಖಾಲಿ ಹುದ್ದೆಗಳಿರುವಾಗ ಬೀಟಿಗೆಂದೇ ಜನರನ್ನು ಮೀಸಲಿಡುವುದು ಹೇಗೆ ಎಂದು ಠಾಣಾಧಿಕಾರಿಗಳು ಕೇಳುತ್ತಾರೆ. ಅವರ ಕಷ್ಟ ನಿಜ. ನೇಮಕಾತಿ ಬೇಗ ಆಗಲೇಬೇಕು. ಆದರೆ ಕೊರತೆ ಇರುವಾಗಲೇ ಅನುಭವವನ್ನು ಪೋಲು ಮಾಡಬಾರದು. ಊರು ಬಲ್ಲ ಇಬ್ಬರು ಮಾಡುವ ಕೆಲಸಕ್ಕೆ ಊರು ತಿಳಿಯದ ನಾಲ್ವರು ಬೇಕಾಗುತ್ತಾರೆ. ರಾಜ್ಯ ಮೊದಲು ಮಾಡಬಹುದಾದದ್ದು ಇಷ್ಟು. ಗ್ರಾಮೀಣ ಮತ್ತು ಸಣ್ಣ ಪಟ್ಟಣದ ಠಾಣೆಗಳಲ್ಲಿ ಬೀಟ್ ಸಿಬ್ಬಂದಿಗೆ ಐದು ವರ್ಷದ ಕನಿಷ್ಠ ಅವಧಿ. ಕಾರಣ ಬರೆಯದೆ ಅದಕ್ಕೆ ಮೊದಲು ಎತ್ತುವಂತಿಲ್ಲ, ಸ್ವತಃ ಕೇಳಿದರೆ ಅಡ್ಡಿಯಿಲ್ಲ. ವಾರದಲ್ಲಿ ಮೂರು ದಿನ ಬೀಟಿಗೇ ಮೀಸಲು, ಆ ದಿನಗಳಲ್ಲಿ ಬಂದೋಬಸ್ತಿಗೆ ಸಶಸ್ತ್ರ ಮೀಸಲು ಪಡೆಯನ್ನೋ ಗೃಹರಕ್ಷಕರನ್ನೋ ಬಳಸಿಕೊಳ್ಳಬೇಕು. ಬೀಟಿನಲ್ಲೇ ಉಳಿದು ಹೆಡ್ ಕಾನ್‌ಸ್ಟೆಬಲ್, ಎಎಸ್‌ಐ ಆಗುವ ದಾರಿ ಮತ್ತು ಅದಕ್ಕೊಂದು ಭತ್ಯೆ ಇರಲಿ; ಪೊಲೀಸರ ವೇತನ ಕುರಿತ ಔರಾದಕರ್ ಸಮಿತಿಯ ವರದಿಯ ಸುತ್ತ ವೇತನದ ಬಗ್ಗೆ ನಡೆದಷ್ಟು ಚರ್ಚೆ ಕೆಲಸದ ಸ್ವರೂಪದ ಬಗ್ಗೆ ನಡೆಯಲೇ ಇಲ್ಲ. ಹೋಬಳಿಯಲ್ಲೇ ವಾಸಿಸಲು ಒಪ್ಪುವವರಿಗೆ ವಾಸಯೋಗ್ಯ ಕ್ವಾರ್ಟರ್ಸ್ ಸಿಗಬೇಕು; ಸೋರುವ ಮಾಡಿನ ಕೆಳಗೆ ಯಾವ ಸಂಸಾರವೂ ಬಂದು ಇರುವುದಿಲ್ಲ, ಸಂಸಾರ ಜಿಲ್ಲಾ ಕೇಂದ್ರದಲ್ಲಿದ್ದರೆ ಮನಸ್ಸೂ ಅಲ್ಲೇ ಇರುತ್ತದೆ.

ಕೊನೆಯದಾಗಿ, ಯಾವ ಖರ್ಚೂ ಇಲ್ಲದ ಒಂದು ಕ್ರಮ. ಇಂದು ಬೀಟ್ ಬದಲಾಗುವಾಗ ಹಸ್ತಾಂತರವಾಗುವುದು ಪುಸ್ತಕ ಮತ್ತು ಮೊಬೈಲ್ ಲಾಗಿನ್ ಮಾತ್ರ. ಹಳಬರು ಬೆಳಿಗ್ಗೆ ರಿಲೀವ್ ಆಗಿ ಮಧ್ಯಾಹ್ನದ ಬಸ್ಸು ಹಿಡಿಯುತ್ತಾರೆ, ಹೊಸಬರು ಮರುದಿನ ಹಾಜರಾಗುತ್ತಾರೆ. ಬರುವ ಸಾರ್ವತ್ರಿಕ ವರ್ಗಾವಣೆಯ ಆದೇಶದಲ್ಲೇ ಒಂದು ಸಾಲು ಸೇರಿಸಬಹುದು: ಬಿಟ್ಟು ಹೋಗುವವರು ಬರುವವರ ಜೊತೆ ಹದಿನೈದು ದಿನ ಬೀಟ್ ಸುತ್ತಬೇಕು. ಒಂಟಿಮನೆಯ ಜಗಲಿಗಳಲ್ಲಿ ಕೂತು ಪರಿಚಯ ಮಾಡಿಕೊಡಬೇಕು, ಅಂಗನವಾಡಿಗೆ, ಸೊಸೈಟಿಗೆ, ಎಸ್ಟೇಟಿನ ಲೈನಿಗೆ, ಕೇರಿಯ ಕಟ್ಟೆಗೆ ಕರೆದುಕೊಂಡು ಹೋಗಬೇಕು, ಬದುವಿನ ತಕರಾರು ಇರುವ ಜಮೀನನ್ನು ಬೆರಳು ಮಾಡಿ ತೋರಿಸಬೇಕು.